ಮೇಲ್ಮಣ್ಣಿನ ರಾಶಿ ಎಷ್ಟೆತ್ತರ ಇದೆ?

ಪಾಂಡವಪುರದ ಬೇಬಿ ಬೆಟ್ಟದ ಸುತ್ತಲಿನ ಕಲ್ಲುಗಣಿಗಳಿರಲಿ, ಮೈಸೂರಿನ ಹತ್ತಿರದ ದೊಡ್ಡಕಾನ್ಯ, ಸಿಂಧುವಳ್ಳಿ ಕಡೆಯ ಮ್ಯಾಗ್ನಸೈಟ್, ಕ್ರೋಮೈಟ್ ಗಣಿಗಳಿರಲಿ, ಹಸಿರು ಮರಳಿಸುವ ಮಾತೆತ್ತಿದೊಡನೆ ಬರುವ ಪ್ರಶ್ನೆ ‘ಯಾವ ಗಿಡ ನೆಡೋಣ?’ ಎಂಬುದು. ಅದಕ್ಕೂ ಮೊದಲು ಕೇಳಬೇಕಾದ್ದು, ಗಣಿ ತೋಡುವಾಗ ಕೆರೆದು ತೆಗೆದ ಮೇಲ್ಮಣ್ಣು ಎಲ್ಲಿದೆ, ಎಷ್ಟೆತ್ತರಕ್ಕೆ ಒಟ್ಟಿದ್ದಾರೆ ಎಂದು.

ಗಣಿ ನೆಲದಲ್ಲಿ ಬೇಸಿಗೆಗೆ ಒಣಗಿದ ಹೊಂಗೆ ಸಸಿಯನ್ನು ಕಿತ್ತು ನೋಡಿ. ಎಷ್ಟೋ ಸಲ ಬೇರು ಗುಂಡಿಯ ಗೋಡೆಗೆ ಬಡಿದು, ಸಿಂಬೆ ಸುತ್ತಿದಂತೆ ಸುತ್ತಿಕೊಂಡಿರುತ್ತದೆ. ಲಾರಿ ಓಡಾಡಿ ಕಲ್ಲಿನಂತಾದ ನೆಲದಲ್ಲಿ ಒಂದೂವರೆ ಅಡಿ ಗುಂಡಿಯೆಂದರೆ ತೂತಿಲ್ಲದ ಕುಂಡ. ಮಳೆಗೆ ನೀರು ನಿಂತು ಬೇರು ಕೊಳೆಯುತ್ತದೆ, ಬಿಸಿಲಿಗೆ ಅದೇ ಗುಂಡಿ ಕಾದ ಬಾಣಲೆ. ಹಾಗಾಗಿ ಮೊದಲು ರಿಪ್ಪರ್ (ಬುಲ್ಡೋಜರಿನ ಹಿಂದೆ ಕಟ್ಟುವ ನೆಲ ಸೀಳುವ ಉಕ್ಕಿನ ಸಾಧನ) ಹಲ್ಲಿನಿಂದ ಇಳಿಜಾರಿಗೆ ಅಡ್ಡಲಾಗಿ ಎರಡು ಅಡಿ ಆಳ ಸೀಳಬೇಕು, ಅದೂ ನೆಲ ಒಣಗಿರುವಾಗ. ಹಸಿಯಿದ್ದಾಗ ಸೀಳಿದರೆ ಮಣ್ಣು ಒಡೆಯುವುದಿಲ್ಲ, ಸಾರಿಸಿದಂತೆ ನುಣುಪಾಗುತ್ತದೆ.

ಈಗ ಮೇಲ್ಮಣ್ಣಿಗೆ ಬರೋಣ. ಬೇರಿಗೆ ನೆರವಾಗುವ ಶಿಲೀಂಧ್ರ ಹೆಚ್ಚಾಗಿ ಇರುವುದು ಇದರಲ್ಲೇ. 1885ರಲ್ಲಿ ಜರ್ಮನಿಯ ಆಲ್ಬರ್ಟ್ ಬರ್ನ್‌ಹಾರ್ಡ್ ಫ್ರಾಂಕ್, ಬೇರು ಮತ್ತು ಶಿಲೀಂಧ್ರದ ಕೂಡುಬಾಳ್ವೆಗೆ ‘ಮೈಕೊರೈಜ’ ಎಂದು ಹೆಸರಿಟ್ಟರು. ನಮ್ಮ ಒಣಕಾಡಿನ ಗಿಡಗಳಲ್ಲಿ ಹೆಚ್ಚಿನವು ಈ ಕೂಡುಬಾಳ್ವೆಯವೇ. ಗಿಡಕ್ಕೆ ಬೇಕಾದ ರಂಜಕ (ಫಾಸ್ಫರಸ್) ಮಣ್ಣಿನಲ್ಲಿ ಹರಿದು ಬರುವ ವಸ್ತುವಲ್ಲ, ಇದ್ದಲ್ಲೇ ಕೂತಿರುತ್ತದೆ. ಬೇರುಗೂದಲಿಗೆ ಎಟಕುವುದು ಹೆಚ್ಚೆಂದರೆ ಒಂದೆರಡು ಮಿಲಿಮೀಟರ್. ಅಷ್ಟರೊಳಗಿನದು ಮುಗಿದರೆ ಗಿಡ ಉಪವಾಸ. ಶಿಲೀಂಧ್ರದ ಎಳೆ ಅಲ್ಲಿಂದಾಚೆ ಹಲವು ಸೆಂಟಿಮೀಟರ್ ಚಾಚುತ್ತದೆ. ಬೇರು ವಿಶ್ವೇಶ್ವರಯ್ಯ ನಾಲೆಯಾದರೆ ಈ ಎಳೆಗಳು ಗದ್ದೆಗದ್ದೆಗೂ ಹೋಗುವ ಕಾಲುವೆಗಳು. ಇನ್ನೂ ಹತ್ತಿರದ ಹೋಲಿಕೆ ಬೇಕಿದ್ದರೆ ಡೇರಿಯದು: ಗಿಡ ಸಕ್ಕರೆಯ ಬಟವಾಡೆ ಮಾಡುತ್ತದೆ, ಎಳೆ ಮನೆಮನೆಯ ರಂಜಕ ತಂದು ಸುರಿಯುತ್ತದೆ. ಬಟವಾಡೆ ನಿಂತರೆ, ಅಂದರೆ ಜೀವಂತ ಬೇರಿಲ್ಲದಿದ್ದರೆ, ಶಿಲೀಂಧ್ರ ಬಹುಕಾಲ ಉಳಿಯದು.

ಆದ್ದರಿಂದಲೇ ರಾಶಿಯ ಎತ್ತರ ಮುಖ್ಯ. ಮೇಲಿನ ಅರ್ಧ ಅಡಿ ಮಣ್ಣನ್ನು ಬೇರೆಯಾಗಿಯೇ ಕೆರೆದು, ಎರಡು ಮೀಟರಿಗಿಂತ ಎತ್ತರ ಒಟ್ಟದೆ, ಆದಷ್ಟು ಬೇಗ ಹರಡಬೇಕು. ಎತ್ತರದ ರಾಶಿಯೊಳಗೆ ಗಾಳಿಯಾಡದೆ ಜೀವ ಸಾಯುತ್ತದೆ. ಕಾಯಲೇಬೇಕಾದರೆ ರಾಶಿಯ ಮೇಲೆ ಹುರುಳಿ, ಅಲಸಂದೆ ಚೆಲ್ಲಿ ಬೇರು ಜೀವಂತ ಇಡಿ. ಎಕರೆಗೆ ಹತ್ತು ಸೆಂಟಿಮೀಟರ್ ಹರಡಲು ಸುಮಾರು 400 ಘನ ಮೀಟರ್ ಬೇಕು. ಅಷ್ಟಿಲ್ಲದಿದ್ದರೆ ಎಲ್ಲೆಡೆ ತೆಳ್ಳಗೆ ಬಳಿಯಬೇಡಿ. ಸೀಳಿದ ಸಾಲುಗಳ ಮೇಲಷ್ಟೇ ಮಡಿ ಮಾಡಿ. ರಂಜಕದ ಗೊಬ್ಬರವಾದ ಸೂಪರ್ ಫಾಸ್ಫೇಟನ್ನು ಧಾರಾಳವಾಗಿ ಹಾಕಿದರೆ ಗಿಡವೇ ಶಿಲೀಂಧ್ರವನ್ನು ದೂರ ಇಡುತ್ತದೆ.

ಮ್ಯಾಗ್ನಸೈಟ್, ಕ್ರೋಮೈಟ್ ಗಣಿಯ ಕಲ್ಲಿನಲ್ಲಿ ಮೆಗ್ನೀಷಿಯಂ ಹೆಚ್ಚು, ಕ್ಯಾಲ್ಸಿಯಂ ಕಡಿಮೆ, ನಿಕ್ಕಲ್ ಬೇರೆ. ಅಲ್ಲಿ ಸುಣ್ಣ ಹಾಕುವವರಿದ್ದಾರೆ. ಸುಣ್ಣ ಹುಳಿ ಮಣ್ಣಿಗೆ ಮದ್ದು. ಆ ಮಣ್ಣು ಸಾಮಾನ್ಯವಾಗಿ ಹುಳಿಯಲ್ಲ, ಬೇಕಿರುವುದು ಹುಳಿಯ ಗೊಡವೆಗೆ ಹೋಗದೆ ಕ್ಯಾಲ್ಸಿಯಂ ಕೊಡುವ ಜಿಪ್ಸಂ. ಪ್ರಮಾಣವನ್ನು ಮಣ್ಣು ಪರೀಕ್ಷೆ ನೋಡಿಯೇ ತೀರ್ಮಾನಿಸಬೇಕು.

ಗಿಡಗಳ ವಿಷಯ ಚಿಕ್ಕದು. ವರ್ಷಕ್ಕೆ 700 ಮಿಲಿಮೀಟರ್ ಆಸುಪಾಸಿನ ಮಳೆಯ ಈ ಸೀಮೆಗೆ ತಂಗಡಿ, ಬಂದರಿಕೆ, ಎಲಚಿ ಮೊದಲು. ಅವುಗಳ ನೆರಳಲ್ಲಿ ಕಮರ, ಹೊಂಗೆ, ಬೇವು. ತಂಗಡಿ, ಬಂದರಿಕೆ ಬೀಜದ ಸಿಪ್ಪೆ ಗಟ್ಟಿ. ಕುದಿಸಿ ಒಲೆಯಿಂದಿಳಿಸಿದ ನೀರಿನಲ್ಲಿ ಒಂದು ನಿಮಿಷ ಅದ್ದಿ, ರಾತ್ರಿಯಿಡೀ ತಣ್ಣೀರಿನಲ್ಲಿ ನೆನೆಸಿ. ಉಬ್ಬಿದ್ದನ್ನು ಅಂದೇ ಹದವಿರುವ ಸಾಲಿಗೆ ಬಿತ್ತಿ. ಉಬ್ಬದವನ್ನು ಮತ್ತೊಮ್ಮೆ ಬಿಸಿನೀರಿಗೆ ಹಾಕಿ.