ಗಾಡಿಯಲ್ಲಿ ಒಟ್ಟಿಗೇ ಸುರಿಯುವುದಾದರೆ ಮನೆಯಲ್ಲೇಕೆ ಬೇರ್ಪಡಿಸಬೇಕು?

ಪ್ರಶ್ನೆ: ನಾವು ಮೈಸೂರಿನವರು. ಹಸಿ ಕಸ, ಒಣ ಕಸಕ್ಕೆಂದು ಎರಡು ಬುಟ್ಟಿ ಇಟ್ಟಿದ್ದೇವೆ. ಆದರೆ ಕಸದ ಗಾಡಿಯಲ್ಲಿ ಎಷ್ಟೋ ದಿನ ಎರಡನ್ನೂ ಒಂದೇ ಕಡೆ ಸುರಿದುಕೊಂಡು ಹೋಗುತ್ತಾರೆ. ಮತ್ತೆ ನಮಗೇಕೆ ಈ ಪಾಡು?

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ. ಬೇರ್ಪಡಿಸುವುದನ್ನು ಮುಂದುವರಿಸಿ, ಹಸಿ ಕಸವನ್ನು ಮಾತ್ರ ಗಾಡಿಗೆ ಕೊಡಲೇಬೇಡಿ, ಮನೆಯಲ್ಲೇ ಗೊಬ್ಬರ ಮಾಡಿ. ಗೇಟು ದಾಟದ ಕಸವನ್ನು ಯಾರೂ ಬೆರೆಸಲಾರರು.

ಬೆರೆತಾಗ ಮೊದಲು ಕೆಡುವುದು ಒಣ ಕಸ. ಸಾರು ಮೆತ್ತಿದ ರಟ್ಟು, ಅನ್ನ ಅಂಟಿದ ಹಾಲಿನ ಕವರು ಗುಜರಿಯವರಿಗೂ ಬೇಡ. ಕುಂಬಾರಕೊಪ್ಪಲಿನ ಘಟಕದಲ್ಲಿ ಹಸಿ ಕಸದಿಂದ ಗೊಬ್ಬರ ಮಾಡುತ್ತಾರೆ, ಒಣ ಕಸವನ್ನು ವಿಂಗಡಿಸಿ ಮಾರುತ್ತಾರೆ. ಹಾಗೆ ವಿಂಗಡಿಸುವುದು ಯಂತ್ರವಲ್ಲ, ಮನುಷ್ಯರ ಕೈ. ಇನ್ನು ಹಸಿ ಕಸ ರಾಶಿಯ ಅಡಿಗೆ ಬಿದ್ದರೆ ಗಾಳಿಯಾಡದೆ ಕೊಳೆತು ಮಿಥೇನ್ ಬಿಡುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಹೆಚ್ಚು ಶಾಖ ಹಿಡಿದಿಡುತ್ತದೆ. ಊರಿನ ಕಸ ತಂದು ಸುರಿದ ವಿದ್ಯಾರಣ್ಯಪುರದ ಸೂಯೆಜ್ ಫಾರಂ ಆಸುಪಾಸಿನವರಿಗೆ ಕಸದ ರಾಶಿ ಎಂದರೇನೆಂದು ಯಾರೂ ವಿವರಿಸಬೇಕಿಲ್ಲ. 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ 73 ನಗರಗಳ ಪೈಕಿ ಮೈಸೂರು ಮೊದಲು ಬಂದಾಗಲೂ ಆ ರಾಶಿ ಅಲ್ಲೇ ಇತ್ತು.

ಗೊಬ್ಬರ ಮಾಡಲು ಒಂದು ಹಳೆಯ ಬಕೆಟ್ ಸಾಕು. ತಳಕ್ಕೂ ಪಕ್ಕಕ್ಕೂ ತೂತು ಕೊರೆದು, ಎರಡು ಇಟ್ಟಿಗೆಯ ಮೇಲೆ ಕೂರಿಸಿ. ಅಡಿಗೆ ತೆಂಗಿನ ನಾರು ಹಾಸಿ. ಒಂದು ಹಿಡಿ ತರಕಾರಿ ಸಿಪ್ಪೆಗೆ ಎರಡು ಹಿಡಿ ತರಗೆಲೆಯಂತೆ ಹಾಕುತ್ತ ಹೋಗಿ, ನಡುನಡುವೆ ಹುಳಿ ಮಜ್ಜಿಗೆಯನ್ನೋ ಸಗಣಿ ನೀರನ್ನೋ ಚಿಮುಕಿಸಿ. ಫಿಲ್ಟರ್‌ನಲ್ಲಿ ಉಳಿದ ಕಾಫಿ ಚರಟ ಧಾರಾಳವಾಗಿ ಹೋಗಲಿ. ಊಟದ ಬಾಳೆಎಲೆಯನ್ನು ಹರಿದು ಹಾಕಿ. ಇಡೀ ಎಲೆ ಒಂದರ ಮೇಲೊಂದು ಕೂತರೆ ಗಾಳಿ ಆಡುವುದಿಲ್ಲ. ಕರಟ, ಮಾವಿನ ಓಟೆ ಬೇಗ ಕರಗುವುದಿಲ್ಲ. ಎಣ್ಣೆ ಪದಾರ್ಥ, ಮೂಳೆ ಹಾಕಿದರೆ ಇಲಿ ಬರುತ್ತದೆ. ನಾಲ್ಕು ದಿನಕ್ಕೊಮ್ಮೆ ಕೋಲಿನಿಂದ ಕೆದಕಿ.

ಕೆಟ್ಟ ವಾಸನೆ ಬಂದರೆ ಸಾಮಾನ್ಯವಾಗಿ ನೀರು ಹೆಚ್ಚಾಗಿದೆ ಎಂದರ್ಥ. ಒಂದು ಹಿಡಿ ತೆಗೆದು ಹಿಂಡಿ ನೋಡಿ: ನೀರು ತೊಟ್ಟಿಕ್ಕಿದರೆ ಇನ್ನಷ್ಟು ತರಗೆಲೆ ಸೇರಿಸಿ, ಉದುರಿ ಹೋದರೆ ಸ್ವಲ್ಪ ನೀರು ಚಿಮುಕಿಸಿ. ದಪ್ಪ ಹುಳು ಕಂಡು ಬಕೆಟ್ಟನ್ನೇ ಎಸೆದವರಿದ್ದಾರೆ. ಅವು ಬಹುಪಾಲು ಸಿಪ್ಪೆ ತಿಂದು ಬೆಳೆಯುವ ಒಂದು ಬಗೆಯ ನೊಣದ ಮರಿಗಳು. ನಮ್ಮ ಕೆಲಸವನ್ನೇ ಬೇಗ ಮುಗಿಸಿಕೊಡುತ್ತವೆ. ಎರಡು, ಮೂರು ತಿಂಗಳಲ್ಲಿ ಮಣ್ಣಿನ ವಾಸನೆಯ ಕಪ್ಪು ಪುಡಿ ಸಿಗುತ್ತದೆ.

ತರಗೆಲೆಗೆ ಈ ಊರಿನಲ್ಲಿ ಬರವೇ? ಚಳಿ ಕಳೆಯುತ್ತಿದ್ದಂತೆ ಮಳೆಮರ, ಹೊಂಗೆ ಉದುರಿಸುವ ಎಲೆ ಬೀದಿ ತುಂಬ ಬಿದ್ದಿರುತ್ತದೆ. ಅದನ್ನು ಮೂಲೆಗೆ ಗುಡಿಸಿ ಬೆಂಕಿ ಹಚ್ಚುವುದು ನಿಯಮಕ್ಕೂ ವಿರುದ್ಧ, ಎದುರು ಮನೆಯ ಉಬ್ಬಸದ ಅಜ್ಜಿಗೂ ಕಷ್ಟ. ಪೌರಕಾರ್ಮಿಕರನ್ನು ಕೇಳಿದರೆ ಒಂದು ಗೋಣಿಚೀಲ ತುಂಬಿಸಿಕೊಡುತ್ತಾರೆ. ಹೊರುವ ಭಾರ ಅವರಿಗೂ ಅಷ್ಟು ಕಡಿಮೆ. ಮನೆಯಲ್ಲಿ ಜಾಗವಿಲ್ಲವೆಂದರೆ ನಾಲ್ಕು ಮನೆಯವರು ಸೇರಿ ಒಂದು ಡ್ರಮ್ ಇಡಬಹುದು. ದೊಡ್ಡ ಅಪಾರ್ಟ್‌ಮೆಂಟಿನವರು ನೆಪ ಹೇಳುವಂತಿಲ್ಲ. 5,000 ಚದರ ಮೀಟರ್ ಮೀರಿದ ವಸತಿ ಸಮುಚ್ಚಯಗಳು ಸಾಧ್ಯವಾದಷ್ಟೂ ಹಸಿ ಕಸವನ್ನು ತಮ್ಮ ಆವರಣದಲ್ಲೇ ಸಂಸ್ಕರಿಸಬೇಕೆಂದು 2016ರ ಘನತ್ಯಾಜ್ಯ ನಿಯಮಗಳೇ ಹೇಳಿದ್ದವು.

ಗಾಡಿಯವರ ಮೇಲೆ ರೇಗಬೇಡಿ. ಗಾಡಿಯಲ್ಲಿ ಅಂಕಣವೇ ಇಲ್ಲದಿದ್ದರೆ ಅವರಾದರೂ ಎಲ್ಲಿ ಸುರಿಯಬೇಕು? ಬೆರೆಸಿದ ದಿನ, ಹೊತ್ತು ಬರೆದಿಟ್ಟು, ಬೀದಿಯ ಹತ್ತು ಮನೆಯವರು ರುಜು ಹಾಕಿ ವಾರ್ಡಿನ ಆರೋಗ್ಯ ನಿರೀಕ್ಷಕರಿಗೆ ಕೊಡಿ. ಒಬ್ಬರ ಫೋನಿಗಿಂತ ಅದಕ್ಕೆ ತೂಕ ಹೆಚ್ಚು.

ಉಳಿದ ಒಣ ಕಸವನ್ನು ವಾರಕ್ಕೊಮ್ಮೆ ಕೊಟ್ಟರೂ ನಡೆಯುತ್ತದೆ. ಹಾಲಿನ ಕವರನ್ನು ತೊಳೆದು ಒಣಗಿಸಿ. ಪ್ಯಾಡ್, ಡೈಪರ್‌ಗಳನ್ನು ಕಾಗದದಲ್ಲಿ ಸುತ್ತಿ ಬೇರೆಯೇ ಕೊಡಿ. ಒಡೆದ ಗಾಜಿದ್ದರೆ ರಟ್ಟಿನ ಡಬ್ಬಿಗೆ ಹಾಕಿ, ಮೇಲೆ ‘ಗಾಜು’ ಎಂದು ದಪ್ಪಕ್ಷರದಲ್ಲಿ ಬರೆಯಿರಿ.