ಹನಿಯೊಳಗಿನ ದಾಸವಾಳ ಎಲ್ಲಿದೆ?

ಡಿಸೆಂಬರ್ ತಿಂಗಳ ಬೆಳಗ್ಗೆ, ಬಿಸಿಲೇರುವ ಮೊದಲು ಹಿತ್ತಿಲಿಗೆ ಹೋಗಿ ನೋಡಿ. ಗರಿಕೆಯ ತುದಿಯಲ್ಲಿ ಇಬ್ಬನಿಯ ಹನಿಗಳು ಕೂತಿರುತ್ತವೆ. ಹಿಂದೆ ದಾಸವಾಳದ ಹೂವಿದ್ದರೆ, ಹನಿಯೊಳಗೂ ಒಂದು ಪುಟಾಣಿ ದಾಸವಾಳ ತಲೆಕೆಳಗಾಗಿ ಕಾಣುತ್ತದೆ. ಹನಿಯ ಅಗಲ 2 ಮಿಲಿಮೀಟರ್ ಅಷ್ಟೇ.

ಇದರ ಫೋಟೋ ತೆಗೆಯಲು ಕೂತಾಗ ನನಗೊಂದು ಒಗಟು ಎದುರಾಯಿತು. ಹನಿಯ ಅಂಚಿಗೆ ಫೋಕಸ್ ಮಾಡಿದರೆ ಒಳಗಿನ ಹೂವು ಮಸುಕು. ಹೂವಿಗೆ ಮಾಡಿದರೆ ಅಂಚು ಮಸುಕು. ಹೂವು ಇರುವುದು ಹನಿಯೊಳಗೇ ಅಲ್ವಾ? ಮತ್ತೆ ಎರಡೂ ಒಟ್ಟಿಗೆ ಯಾಕೆ ಸಿಗುವುದಿಲ್ಲ?

ತೀರಾ ಹತ್ತಿರದಿಂದ ಫೋಟೋ ತೆಗೆಯಲೆಂದೇ ಇರುವ ಮ್ಯಾಕ್ರೋ ಲೆನ್ಸ್ ವಸ್ತುವನ್ನು ಅದರ ನಿಜವಾದ ಅಳತೆಯಲ್ಲೇ ಸೆನ್ಸರ್, ಅಂದರೆ ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಫಲಕದ ಮೇಲೆ ಮೂಡಿಸಬಲ್ಲದು. ಇದಕ್ಕೆ 1:1 ಎನ್ನುತ್ತಾರೆ. ಮ್ಯಾಕ್ರೋ ಲೆನ್ಸ್ ಇಲ್ಲದವರು 50 ಮಿ.ಮೀ. ಲೆನ್ಸ್ ಮತ್ತು ಕ್ಯಾಮೆರಾದ ನಡುವೆ 50 ಮಿ.ಮೀ. ಉದ್ದದ ಎಕ್ಸ್‌ಟೆನ್ಶನ್ ಟ್ಯೂಬ್ ಹಾಕಿದರೂ ಇದೇ ಅಳತೆ ಸಿಗುತ್ತದೆ. ಅದು ಗಾಜೇ ಇಲ್ಲದ ಖಾಲಿ ಕೊಳವೆ. ಮೊದಲು ಇದನ್ನೇ ಕೊಳ್ಳಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಇಷ್ಟು ಹತ್ತಿರ ಹೋದಾಗ ಸ್ಪಷ್ಟವಾಗಿ ಕಾಣುವ ಜಾಗ ತೀರಾ ತೆಳ್ಳಗಾಗುತ್ತದೆ. ಲೆನ್ಸ್‌ನೊಳಗೆ ಬೆಳಕು ಹಾಯುವ ಕಿಂಡಿಯೇ ಅಪರ್ಚರ್; ಎಫ್ ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಕಿರಿದು. 36×24 ಮಿ.ಮೀ. ಸೆನ್ಸರ್‌ನಲ್ಲಿ, ಎಫ್/8 ಅಪರ್ಚರ್‌ನಲ್ಲಿ, ಆ ಪದರದ ದಪ್ಪ ಹೆಚ್ಚುಕಡಿಮೆ 1 ಮಿ.ಮೀ. ನೀವು ಉಸಿರು ಬಿಟ್ಟರೂ ಕ್ಯಾಮೆರಾ ಅದಕ್ಕಿಂತ ಜಾಸ್ತಿ ಅಲುಗುತ್ತದೆ. ಅದಕ್ಕೇ ಇಲ್ಲಿ ಆಟೋಫೋಕಸ್ ತಡಕಾಡುತ್ತದೆ. ಅದನ್ನು ಆಫ್ ಮಾಡಿ, ಮೊಣಕೈಗಳನ್ನು ನೆಲಕ್ಕೆ ಊರಿ, ಕ್ಯಾಮೆರಾವನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ಮಾಡುತ್ತಾ ಸಾಲಾಗಿ ಹತ್ತಾರು ಫೋಟೋ ತೆಗೆಯುವುದು ಒಳ್ಳೆಯದು.

ಅಪರ್ಚರ್ ಇನ್ನೂ ಕಿರಿದು ಮಾಡಿದರೆ ಆಯಿತಲ್ಲ ಎನಿಸಬಹುದು. ಎಫ್/16ಕ್ಕೆ ಹೋದರೆ ಪದರ 2 ಮಿ.ಮೀ. ಆಗುತ್ತದೆ, ನಿಜ. ಆದರೆ ಅದಕ್ಕೆ ಬೇರೆ ಬೆಲೆ ತೆರಬೇಕು. ಬೆಳಕು ಅಲೆಯಂತೆ ಸಾಗುತ್ತದೆ. ಕಿರಿದಾದ ಕಿಂಡಿಯಲ್ಲಿ ನುಗ್ಗಿದ ಅಲೆ ಆಚೆ ಹೋಗಿ ಹರಡಿಕೊಳ್ಳುತ್ತದೆ. ಇದೇ ವಿವರ್ತನೆ. ಎಷ್ಟೇ ಒಳ್ಳೆಯ ಲೆನ್ಸ್ ಆದರೂ ಒಂದು ಚುಕ್ಕೆ ಚುಕ್ಕೆಯಾಗಿ ಮೂಡದೆ ಚಿಕ್ಕ ಬಿಲ್ಲೆಯಾಗುತ್ತದೆ. ದೂರದರ್ಶಕದಲ್ಲಿ ನಕ್ಷತ್ರಗಳು ಹೀಗೆ ಬಿಲ್ಲೆಯಾಗಿ ಕಾಣುವುದರ ಲೆಕ್ಕವನ್ನು ಖಗೋಳ ವಿಜ್ಞಾನಿ ಜಾರ್ಜ್ ಏರಿ 1835ರಲ್ಲೇ ಕೊಟ್ಟಿದ್ದರು. ನಕ್ಷತ್ರಕ್ಕೆ ಹಾಕಿದ ಲೆಕ್ಕ ಗರಿಕೆಯ ಹನಿಗೂ ಹೊಂದುತ್ತದೆ ಎನ್ನುವುದು ನನಗೆ ಈಗಲೂ ಪುಳಕ ಕೊಡುವ ಸಂಗತಿ.

ಮ್ಯಾಕ್ರೋದಲ್ಲಿ ಈ ತೊಂದರೆ ದುಪ್ಪಟ್ಟು. 1:1ರಲ್ಲಿ ಸೆನ್ಸರ್‌ನಿಂದ ಲೆನ್ಸ್‌ಗೆ ಇರುವ ದೂರ ಎರಡರಷ್ಟಾಗುತ್ತದೆ. ಅಷ್ಟು ದೂರದಿಂದ ಅದೇ ಕಿಂಡಿ ಅರ್ಧದಷ್ಟೇ ಕಾಣುತ್ತದೆ. ಹಾಗಾಗಿ ನೀವು ಎಫ್/16 ಇಟ್ಟರೂ ಅದು ಎಫ್/32ರಂತೆ ಕೆಲಸ ಮಾಡುತ್ತದೆ. ಆಗ ಬಿಲ್ಲೆಯ ಅಗಲ ಸುಮಾರು 0.04 ಮಿ.ಮೀ., ಅಂದರೆ ನಮ್ಮ ಹನಿಯ ಅಗಲದ ಐವತ್ತನೇ ಒಂದು ಪಾಲು. ಆಮೇಲೆ ಹನಿಯ ಸುತ್ತ ಕತ್ತರಿಸಿ ದೊಡ್ಡದು ಮಾಡಿ ನೋಡಿದರೆ ಎಲ್ಲವೂ ಮೆತ್ತಗೆ ಕಾಣುತ್ತದೆ. ಬೆಳಕೂ ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ. ಇದೆಲ್ಲ ನೋಡಿ ನಾನು ಎಫ್/8 ಅಥವಾ ಎಫ್/11 ದಾಟುವುದು ಅಪರೂಪ.

ಈಗ ಒಗಟಿಗೆ ಬರೋಣ. ದುಂಡಗಿನ ನೀರಿನ ಹನಿ ತಾನೇ ಒಂದು ಲೆನ್ಸ್. ಹಿಂದಿನ ಹೂವಿನಿಂದ ಬಂದ ಬೆಳಕನ್ನು ಅದು ಬಗ್ಗಿಸಿ ಒಂದೆಡೆ ಸೇರಿಸುತ್ತದೆ. ನೀರಿನ ಗೋಳ ಬೆಳಕನ್ನು ಸೇರಿಸುವುದು ತನ್ನ ನಡುವಿನಿಂದ ಒಂದು ವ್ಯಾಸದಷ್ಟು ದೂರದಲ್ಲಿ. ಅಂದರೆ 2 ಮಿ.ಮೀ. ಹನಿಯಾದರೆ, ಹೂವಿನ ಬಿಂಬ ಹನಿಯ ಒಳಗಿಲ್ಲ, ಮೇಲ್ಮೈಯಲ್ಲೂ ಇಲ್ಲ! ಹನಿಯ ಮುಂದೆ, ನಿಮ್ಮ ಕಡೆಗೆ, ಸುಮಾರು 1 ಮಿ.ಮೀ. ಆಚೆ ಗಾಳಿಯಲ್ಲಿ ತೇಲುತ್ತಿದೆ. ಹನಿಯ ಅಂಚು ಇರುವುದು ಹನಿಯ ನಡುಮಟ್ಟದಲ್ಲಿ. ಎರಡರ ನಡುವೆ 2 ಮಿ.ಮೀ.ಗೂ ತುಸು ಹೆಚ್ಚು ಅಂತರ. ಎಫ್/8ರ ತೆಳು ಪದರದಲ್ಲಿ ಇವೆರಡೂ ಹೇಗೆ ಹಿಡಿಸಬೇಕು?

ಗಾಳಿ ಇಲ್ಲದಿದ್ದರೆ ಕ್ಯಾಮೆರಾವನ್ನು ಟ್ರೈಪಾಡ್ ಮೇಲಿಟ್ಟು, ಬಿಂಬದಿಂದ ಅಂಚಿನವರೆಗೆ ಫೋಕಸ್ ಸ್ವಲ್ಪ ಸ್ವಲ್ಪವೇ ಸರಿಸುತ್ತಾ ಏಳೆಂಟು ಫೋಟೋ ತೆಗೆಯಿರಿ. ಪ್ರತಿಯೊಂದರಲ್ಲಿ ಸ್ಪಷ್ಟವಾಗಿರುವ ಭಾಗವನ್ನು ಸಾಫ್ಟ್‌ವೇರ್ ಹೆಕ್ಕಿ ಒಂದೇ ಫೋಟೋ ಮಾಡಿಕೊಡುತ್ತದೆ. ಇದು ಫೋಕಸ್ ಸ್ಟ್ಯಾಕಿಂಗ್. ಗಾಳಿ ಎದ್ದರೆ ಸ್ಟ್ಯಾಕಿಂಗ್ ಆಗದು. ಅಂಥ ದಿನ ನಾನು ಅಂಚನ್ನು ಬಿಟ್ಟು, ಹನಿಯ ಮುಂದೆ ತೇಲುವ ಆ ದಾಸವಾಳಕ್ಕೇ ಫೋಕಸ್ ಮಾಡುತ್ತೇನೆ.