ಸುಮ್ನೆ ಓದುವುದಕ್ಕೂ ಲಾಕ್ ಬೇಕಾ?

ಒಂದು ಪ್ರೋಗ್ರಾಂ ಗಂಟೆಯನ್ನೂ ನಿಮಿಷವನ್ನೂ ಎರಡು ಬೇರೆ ವೇರಿಯಬಲ್‌ಗಳಲ್ಲಿ ಇಟ್ಟುಕೊಂಡಿದೆ ಅಂದುಕೊಳ್ಳಿ. ಈಗ ಸಮಯ 9:59. ಒಂದು ಥ್ರೆಡ್, ಅಂದರೆ ಪ್ರೋಗ್ರಾಂನೊಳಗೆ ಬೇರೆಯವುಗಳ ಜೊತೆಗೇ ಓಡುವ ಒಂದು ಕೆಲಸದ ಎಳೆ, ಅದನ್ನು 10:00 ಮಾಡಬೇಕು. ಮೊದಲು ಗಂಟೆಯನ್ನು 10 ಮಾಡಿತು. ನಿಮಿಷವನ್ನು ಸೊನ್ನೆ ಮಾಡುವಷ್ಟರಲ್ಲಿ ಇನ್ನೊಂದು ಥ್ರೆಡ್ ಬಂದು ಎರಡನ್ನೂ ಓದಿಬಿಟ್ಟಿತು. ಅದಕ್ಕೆ ಸಿಕ್ಕಿದ್ದು 10:59! ಬರೆದ ಥ್ರೆಡ್ ಸರಿಯಾಗಿಯೇ ಬರೆಯುತ್ತಿತ್ತು, ಓದಿದ್ದು ಏನನ್ನೂ ಕೆಡಿಸಲಿಲ್ಲ. ಆದರೂ ಸುಮಾರು ಒಂದು ಗಂಟೆ ತಪ್ಪಾಯಿತು.

ಇದನ್ನು ತಡೆಯಲು ಸುಲಭದ ದಾರಿ ಮ್ಯೂಟೆಕ್ಸ್ ಎಂಬ ಬೀಗ, ಅಂದರೆ ಲಾಕ್. ಒಂದು ಸಲಕ್ಕೆ ಒಂದೇ ಥ್ರೆಡ್‌ಗೆ ಪ್ರವೇಶ, ಉಳಿದವು ಕಾಯಬೇಕು. ಆದರೆ ಬರೀ ಓದುವ ಹತ್ತು ಥ್ರೆಡ್‌ಗಳಿದ್ದರೆ ಅವು ಒಂದಕ್ಕೊಂದು ಅಡ್ಡ ಬರುವುದಿಲ್ಲ, ಅಲ್ವಾ? ಅವನ್ನೂ ಸಾಲಿನಲ್ಲಿ ನಿಲ್ಲಿಸುವುದು ದಂಡ. ರೀಡ್-ರೈಟ್ ಲಾಕ್ ಹುಟ್ಟಿದ್ದು ಇಲ್ಲಿ. ಓದುವವು ಎಷ್ಟು ಬೇಕಾದರೂ ಒಟ್ಟಿಗೆ ಒಳಗಿರಬಹುದು. ಬರೆಯುವ ಥ್ರೆಡ್ ಬಂದರೆ ಅದೊಂದೇ ಒಳಗಿರಬೇಕು.

ಕೇಳಲು ಸರಳ. ಆದರೆ ಓದುವವು ಒಂದರ ಹಿಂದೊಂದು ಬರುತ್ತಲೇ ಇದ್ದರೆ ಬರೆಯುವ ಥ್ರೆಡ್‌ನ ಸರದಿ ಯಾವಾಗ? 1971ರಲ್ಲಿ ಕಂಪ್ಯೂಟರ್ ವಿಜ್ಞಾನಿಗಳಾದ ಕೂರ್ಟ್ವಾ, ಹೇಮನ್ಸ್ ಮತ್ತು ಪಾರ್ನಾಸ್ ಈ ಸಮಸ್ಯೆಗೆ ಎರಡು ಪರಿಹಾರ ಕೊಟ್ಟರು. ಒಂದರಲ್ಲಿ ಓದುವವರಿಗೆ ಆದ್ಯತೆ, ಇನ್ನೊಂದರಲ್ಲಿ ಬರೆಯುವವರಿಗೆ. ಯಾವುದನ್ನು ಆರಿಸಿದರೂ ಇನ್ನೊಂದು ಕಡೆಯವರು ಕಾದೂ ಕಾದೂ ಸುಸ್ತಾಗುವ ಸಂಭವ ಇದ್ದೇ ಇದೆ. ಇವತ್ತಿಗೂ ಎಲ್ಲರೂ ಒಂದೇ ದಾರಿ ಹಿಡಿದಿಲ್ಲ. ಲಿನಕ್ಸ್‌ನ ಜಿಲಿಬ್‌ಸಿ ಲೈಬ್ರರಿ ತಾನಾಗಿ ಓದುವವರ ಪರ. ಗೋ ಭಾಷೆಯಲ್ಲಿ ಹಾಗಲ್ಲ: ಬರೆಯುವ ಥ್ರೆಡ್ ಕಾಯುತ್ತಿದ್ದರೆ ಹೊಸದಾಗಿ ಓದಲು ಬಂದವಕ್ಕೆ ಬಾಗಿಲು ಮುಚ್ಚಿರುತ್ತದೆ. ಹಾಗಾಗಿ ಅಲ್ಲಿ ರೀಡ್ ಲಾಕ್ ಹಿಡಿದ ಫಂಕ್ಷನ್, ಅದೇ ಲಾಕನ್ನು ಮತ್ತೆ ಓದಲು ಕೇಳುವ ಇನ್ನೊಂದು ಫಂಕ್ಷನನ್ನು ಕರೆಯಬಾರದು. ನಡುವೆ ಬರೆಯುವವರು ಬಂದು ನಿಂತರೆ ಇಬ್ಬರೂ ಒಬ್ಬರನ್ನೊಬ್ಬರು ಕಾಯುತ್ತಾ ಕೂರುತ್ತಾರೆ. ನಿಮ್ಮ ಲೈಬ್ರರಿ ಯಾರ ಪರ ಎಂದು ನೋಡಿಕೊಳ್ಳದೆ ಈ ಲಾಕನ್ನು ಬಳಸಲೇಬೇಡಿ.

ಎಡವಿ ಬೀಳುವ ಇನ್ನೊಂದು ಗುಂಡಿ ಇದೆ. ಓದುತ್ತಿರುವ ಥ್ರೆಡ್‌ಗೆ ಮಧ್ಯದಲ್ಲಿ ‘ಇದನ್ನು ಬದಲಿಸಬೇಕು’ ಅನ್ನಿಸುತ್ತದೆ. ರೀಡ್ ಲಾಕ್ ಬಿಡದೆಯೇ ರೈಟ್ ಲಾಕ್ ಕೇಳುತ್ತದೆ. ಅದೇ ಹೊತ್ತಿಗೆ ಇನ್ನೊಂದು ಥ್ರೆಡ್ಡೂ ಅದನ್ನೇ ಮಾಡಿದರೆ? ಎರಡೂ ಇನ್ನೊಂದು ಹೊರಗೆ ಹೋಗಲಿ ಎಂದು ಕಾಯುತ್ತವೆ, ಎರಡೂ ಹೋಗುವುದಿಲ್ಲ. ರೀಡ್ ಲಾಕ್ ಬಿಟ್ಟು ರೈಟ್ ಲಾಕ್ ಹಿಡಿಯುವುದೇ ದಾರಿ. ಹಿಡಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಿ, ಏಕೆಂದರೆ ಆ ಸಣ್ಣ ಬಿಡುವಿನಲ್ಲಿ ಬೇರೆ ಯಾರೋ ಅದನ್ನು ಬದಲಿಸಿರಬಹುದು.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ವೇಗದ ವಿಷಯ. ‘ಓದುವುದೇ ಜಾಸ್ತಿ, ಆದ್ದರಿಂದ ರೀಡ್-ರೈಟ್ ಲಾಕ್ ಹಾಕಿದರೆ ವೇಗ ಹೆಚ್ಚುತ್ತದೆ’ ಎಂದು ತುಂಬಾ ಜನ ನಂಬಿದ್ದಾರೆ. ಆದರೆ ಒಳಗೆ ಎಷ್ಟು ಥ್ರೆಡ್‌ಗಳಿವೆ ಎಂಬ ಲೆಕ್ಕವನ್ನು ಲಾಕ್ ಎಲ್ಲೋ ಇಡಬೇಕಲ್ಲ? ಸಾಮಾನ್ಯವಾಗಿ ಅದು ಮೆಮೊರಿಯಲ್ಲಿರುವ ಒಂದೇ ಸಂಖ್ಯೆ. ಪ್ರತಿ ಓದುಗ ಒಳಬರುವಾಗ ಅದನ್ನು ಒಂದು ಏರಿಸಬೇಕು, ಹೋಗುವಾಗ ಇಳಿಸಬೇಕು. ಅಂದರೆ ಓದಲು ಬಂದ ಥ್ರೆಡ್ ಕೂಡ ಬರೆಯುತ್ತಿದೆ! ಆ ಸಂಖ್ಯೆ ಇರುವ ಕ್ಯಾಶ್ ಲೈನ್, ಅಂದರೆ ಪ್ರೊಸೆಸರ್ ಮೆಮೊರಿಯಿಂದ ತನ್ನ ಹತ್ತಿರ ತಂದಿಟ್ಟುಕೊಳ್ಳುವ ಸಾಮಾನ್ಯವಾಗಿ 64 ಬೈಟ್‌ಗಳ ತುಂಡು, ಪ್ರೊಸೆಸರ್‌ನ ಒಂದು ಕೋರ್‌ನಿಂದ ಇನ್ನೊಂದಕ್ಕೆ ಅಲೆದಾಡುತ್ತದೆ. ಓದುವ ಕೆಲಸ ನಮ್ಮ ಗಂಟೆ-ನಿಮಿಷದಷ್ಟು ಚಿಕ್ಕದಾದರೆ ಈ ಅಲೆದಾಟದ ಖರ್ಚೇ ಹೆಚ್ಚು. ಆಗ ಮಾಮೂಲಿ ಮ್ಯೂಟೆಕ್ಸೇ ಗೆಲ್ಲಬಹುದು. ದೊಡ್ಡ ಪಟ್ಟಿಯನ್ನು ಪೂರ್ತಿ ಹುಡುಕುವಂಥ ಉದ್ದದ ಓದಿದ್ದರೆ ಮಾತು ಬೇರೆ. ಎರಡನ್ನೂ ಹಾಕಿ ಅಳೆದು ನೋಡಿ.

ಈ ಲೆಕ್ಕದ ಕಾಟವನ್ನೇ ತಪ್ಪಿಸುವ ದಾರಿಗಳೂ ಇವೆ. ಜಾವಾ 8ರಲ್ಲಿ ಬಂದ ಸ್ಟ್ಯಾಂಪ್ಡ್‌ಲಾಕ್‌ನಲ್ಲಿ ಲಾಕ್ ಹಿಡಿಯದೆ ಓದಿ, ಆಮೇಲೆ ‘ನಡುವೆ ಯಾರಾದರೂ ಬರೆದರಾ?’ ಎಂದು ಕೇಳಬಹುದು. ಬರೆದಿದ್ದರೆ ಮತ್ತೆ ಓದಬೇಕು. ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ 2002ರಲ್ಲಿ ಸೇರಿದ ಆರ್‌ಸಿಯು (ರೀಡ್-ಕಾಪಿ-ಅಪ್‌ಡೇಟ್) ಇನ್ನೂ ಮುಂದೆ ಹೋಗುತ್ತದೆ. ಬರೆಯುವ ಕಡೆ ಹಳೆಯದನ್ನು ಮುಟ್ಟದೆ ಹೊಸ ಪ್ರತಿ ತಯಾರಿಸಿ, ಮಾಹಿತಿ ಎಲ್ಲಿದೆ ಎಂದು ತೋರಿಸುವ ಪಾಯಿಂಟರನ್ನು ಒಂದೇ ಏಟಿಗೆ ಅತ್ತ ತಿರುಗಿಸುತ್ತದೆ. ಹಳೆಯ ಪ್ರತಿಯನ್ನು ಓದುತ್ತಿದ್ದವರೆಲ್ಲ ಮುಗಿಸಿದ ಮೇಲೆ ಮಾತ್ರ ಅದನ್ನು ಅಳಿಸುತ್ತದೆ.